ಮುಯ್ಯಾಳು ಕೊಟ್ಟ ರಕ್ತ

ಬಿಳಿಚೋಡಿನ ಕೊಲ್ಲಾಪುರಮ್ಮನ ಮುತ್ತಾತ ಉಚ್ಚಂಗೆಪ್ಪ ಮುನ್ನೂರು ಕುರಿಗಳನ್ನು ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದವನು. ನಾದಿನಿಯರನ್ನು ಮಾತ್ರ ಅದಲುಬದಲು ಕರೆದು ಬೈಸಿಕೊಳ್ಳುತ್ತಿದ್ದ. ಅವನ ಮಗ ಪಾಲಣ್ಣ ಕುರಿಹಟ್ಟಿಗೆ ಜಾಲಿಮುಳ್ಳಿನ ಬೇಲಿ ಹಾಕಿ, ಬೆಳಿಗ್ಗೆ ಮುಳ್ಳಿಗೆ ಸಿಕ್ಕ ಕೂದಲನ್ನು ಬೆರಳಲ್ಲಿ ಹೊಸೆದು, ಬಂದಿದ್ದು ತೋಳವೋ ಗೌಡರ ನಾಯಿಯೋ ಹೇಳುತ್ತಿದ್ದ. ಪಾಲಣ್ಣನ ಮಗಳು ದುರ್ಗಮ್ಮ ಊರಿನ ಹೆಂಗಸರನ್ನೆಲ್ಲ ಸೇರಿಸಿ ಮುಯ್ಯಾಳಿನ ಗುಂಪು ಕಟ್ಟಿದಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತಿಲ್ಲ. ಬರಲಾಗದವಳು ಮನೆಯ ಇನ್ನೊಬ್ಬಳನ್ನು ಕಳಿಸಿದರೂ ಸರಿಯೇ.

ದುರ್ಗಮ್ಮನ ಹೆಣ್ಣುಮಕ್ಕಳು ಕೊಲ್ಲಾಪುರಮ್ಮ ಮತ್ತು ಲಕ್ಷ್ಮೀದೇವಿ ಈ ಪದ್ಧತಿಯನ್ನು ಹೊಲದಾಚೆಗೂ ಎಳೆದರು. ಅಕ್ಕನನ್ನು ನೋಡಲು ಗಂಡಿನವರು ಬಂದ ದಿನ ಅವಳಿಗೆ ಚಳಿಜ್ವರ. ತಂಗಿ ಸೀರೆ ಉಟ್ಟು ಕೂತಳು. ಧಾರೆಗೆ ಅಕ್ಕನೇ ಬಂದು ನಿಂತಾಗ ಗಂಡು ಎರಡೆರಡು ಸಲ ನೋಡಿದನಂತೆ. ಪಾಪ, ಬಾಯಿ ಬಿಡಲಿಲ್ಲ.

ಎರಡು ವರ್ಷದ ಹಿಂದೆ ಕೊಲ್ಲಾಪುರಮ್ಮನ ಕತ್ತಿನಲ್ಲಿ ಗಂಟು ಎದ್ದಿತು. ಲಿಂಫೋಮಾ ಎಂಬ ಕ್ಯಾನ್ಸರ್. ದಾವಣಗೆರೆಯ ಡಾಕ್ಟರ್ ಉಷಾರಾಣಿ ಬಿಡಿಸಿ ಹೇಳಿದರು: "ಬಹಳ ಜನರ ಮೈಯಲ್ಲಿ ಚಿಕ್ಕಂದಿನಿಂದಲೇ ಒಂದು ವೈರಸ್ ಸುಮ್ಮನೆ ಮಲಗಿರುತ್ತೆ ಅಮ್ಮಾ. ನಿಮ್ಮಲ್ಲಿ ಅದು ಗಂಟಿನ ಜೀವಕೋಶದೊಳಗೇ ಸೇರಿಕೊಂಡಿದೆ. ಆ ಕೋಶಗಳು ಸತ್ತಾಗ ವೈರಸ್ಸಿನ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳ್ತವೆ. ಗಂಟು ಕರಗಿದರೆ ಚೂರುಗಳೂ ಕಮ್ಮಿ."

"ತೋಳ ಕಾಣಂಗಿಲ್ಲ, ಬೇಲಿ ಮುಳ್ಳಾಗೆ ಅದರ ಕೂದ್ಲು ನೋಡ್ದಂಗೆ ಅನ್ನಿ."

"ಹಂಗೇ!" ಎಂದರು ಡಾಕ್ಟರು. ಆಮೇಲೆ ಎಲ್ಲ ರೋಗಿಗಳಿಗೂ ತೋಳದ ಕಥೆಯನ್ನೇ ಹೇಳತೊಡಗಿದರು.

ಔಷಧಿ ಹತ್ತಿತು. ಗಂಟು ಕರಗಿತು, ರಕ್ತದಲ್ಲಿ ಚೂರೂ ಕಾಣದಾಯಿತು, ಬೋಳಾದ ತಲೆಯ ಮೇಲೆ ಕುರಿಮರಿಯಂಥ ಕೂದಲು ಬಂತು. ಆದರೆ ರೋಗ ಮರಳಿತೇ ಎಂದು ತಿಳಿಯಲು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು.

ಈ ಸಲದ ತಾರೀಕು ಲಕ್ಷ್ಮೀದೇವಿಯ ಈರುಳ್ಳಿ ಕೀಳುವ ದಿನವೇ ಬಿತ್ತು. ಅವಳಿಗೋ ಸೊಂಟ ಹಿಡಿದು ಬಗ್ಗಲಾಗದು.

"ನೀ ಬಸ್ಸಿನಾಗೆ ಕುಂತ್ಕಂಡು ಹೋಗಿ ರಕ್ತ ಕೊಟ್ಟು ಬಾರೇ. ನಿನ್ ಈರುಳ್ಳಿ ನಾ ಕೀಳ್ತೀನಿ," ಎಂದಳು ಅಕ್ಕ.

"ನಂದು ತಗಂತಾರೇನೇ?"

"ಒಂದೇ ತಾಯಿ ಹೊಟ್ಟೇಲಿ ಹುಟ್ಟಿಲ್ಲೇನು? ಹೆಸ್ರು ಕೂಗ್ತಾರೆ, ಹೂಂ ಅನ್ನು, ಮುಗೀತು."

ಹೆಸರು ಕೂಗಿದರು. ಲಕ್ಷ್ಮೀದೇವಿ ಹೂಂ ಅಂದಳು.

ಹತ್ತು ದಿನದ ಮೇಲೆ ರಿಪೋರ್ಟು ಕೇಳಲು ಅಕ್ಕತಂಗಿಯರು ಜೊತೆಯಾಗಿ ಹೋದರು. ಡಾಕ್ಟರು ಮೊದಲು ನಕ್ಕರು. "ವೈರಸ್ ಚೂರೂ ಇಲ್ಲ ಅಮ್ಮಾ." ಆಮೇಲೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. "ಆದ್ರೆ ಸಕ್ಕರೆ ಮುನ್ನೂರ ಹತ್ತು! ಹೋದ ಸಲ ಇರಲೇ ಇಲ್ಲವಲ್ಲ?"

ಕೊಲ್ಲಾಪುರಮ್ಮ ತಂಗಿಯ ಕಡೆ ತಿರುಗಿದಳು. "ಬೆಲ್ಲ ಬಿಟ್ಟು ವರ್ಷ ಆತು ಅಂದಿದ್ದೆಲ್ಲೇ?"

"ಚಾಕ್ಕೆ ಒಂದ್ ಚೂರು ಅಷ್ಟೇ ಕಣಕ್ಕಾ."

"ಆ ಚೂರು ಮುನ್ನೂರ ಹತ್ತು ಆಗೇತಿ ನೋಡು!"

ಡಾಕ್ಟರು ಕಾಗದ ಕೆಳಗಿಟ್ಟರು. "ಇದು ಯಾರ ರಕ್ತ?"

ಈರುಳ್ಳಿಯ ಕಥೆ ಕೇಳುತ್ತ ಅವರಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ತಂಗಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬರೆದರು. ಅಕ್ಕನನ್ನು ಎದುರಿಗೇ ಕೂರಿಸಿಕೊಂಡು ರಕ್ತ ತೆಗೆಸಿದರು. ಬರುವಾಗ ಬಸ್ಸಿನಲ್ಲಿ ಲಕ್ಷ್ಮೀದೇವಿ ಅತ್ತಳು. ಕೊಲ್ಲಾಪುರಮ್ಮ ಕಡಲೆಕಾಯಿ ತಿಂದಳು. ಆದರೆ ಸಿಪ್ಪೆಯನ್ನೂ ಬಿಡಿಸದೆ ಬಾಯಿಗೆ ಹಾಕಿಕೊಂಡದ್ದನ್ನು ತಂಗಿ ನೋಡಿದಳು.

ಅಕ್ಕನ ರಕ್ತದ ಫಲಿತಾಂಶ ಬೇರೆ. ಫೋನಿನಲ್ಲಿ ಡಾಕ್ಟರು ನಿಧಾನವಾಗಿ ಹೇಳಿದರು: "ವೈರಸ್ ಚೂರು ಸ್ವಲ್ಪ ಕಾಣ್ತಾ ಇದೆ. ಇಷ್ಟಕ್ಕೇ ರೋಗ ಬಂತು ಅನ್ನಲಾಗದು. ಒಂದೊಂದ್ಸಲ ಹಾಗೇ ಕಂಡು ಹೋಗೋದೂ ಉಂಟು. ತಿಂಗಳು ಬಿಟ್ಟು ಮತ್ತೆ ನೋಡೋಣ, ಸ್ಕ್ಯಾನೂ ಮಾಡೋಣ. ತಪ್ಪಿಸಬೇಡಿ."

ಆ ತಿಂಗಳು ಕೊಲ್ಲಾಪುರಮ್ಮ ದಿನಾ ಬೆಳಿಗ್ಗೆ ಕತ್ತು ಮುಟ್ಟಿ ನೋಡಿಕೊಂಡಳು. ಯಾರಾದರೂ ಕಂಡರೆ ಸರ ಸರಿಮಾಡಿಕೊಂಡಂತೆ ನಟಿಸಿದಳು.

ತಾರೀಕಿನ ದಿನ ಬಸ್ ಸ್ಟ್ಯಾಂಡಿಗೆ ಬಂದರೆ ಲಕ್ಷ್ಮೀದೇವಿ ಆಗಲೇ ಬುತ್ತಿ, ಕಂಬಳಿ, ನೀರಿನ ಬಾಟಲಿ ಹೊತ್ತು ನಿಂತಿದ್ದಾಳೆ.

"ನಾನೂ ಬರ್ತೀನಿ ಅಕ್ಕಾ. ಸೂಜಿ ಚುಚ್ಚೋವಾಗ ಕೈ ಹಿಡ್ಕಂತೀನಿ. ಸ್ಕ್ಯಾನಿನ ರಿಪೋರ್ಟು ನಾನೇ ಕೇಳ್ತೀನಿ, ನೀ ಹೊರಗೆ ಕುಂತಿರು."

ಬಸ್ಸು ಬಂತು. ಕೊಲ್ಲಾಪುರಮ್ಮ ಮೆಟ್ಟಿಲು ಹತ್ತಿ, ಬುತ್ತಿಯನ್ನು ಮಾತ್ರ ಕಸಿದುಕೊಂಡಳು.

"ಬ್ಯಾಡ ಕಣೇ. ಹೆಣ್ಣು ನೋಡಾಕೆ ಬಂದಾಗ ನೀ ಕುಂತೆ, ಈರುಳ್ಳಿಗೆ ನಾ ಬಗ್ಗಿದೆ, ಅಲ್ಲಿಗೆ ಸರಿಹೋತು. ಇದಕ್ಕೆ ಮುಯ್ಯಾಳು ನಡೆಯಂಗಿಲ್ಲ. ನನ್ ಬೇಲಿ ಮುಳ್ಳು ನಾನೇ ನೋಡ್ಕಂಡು ಬರ್ತೀನಿ. ನೀ ಮನೀಗೆ ಹೋಗಿ ಮಾತ್ರೆ ನುಂಗು!"