ಅವ್ವನ ಕಿವಿ, ನನ್ನ ಹೆಡ್‌ಫೋನ್

ವೈರಿಲ್ಲದ ಹೆಡ್‌ಫೋನ್ ಕೊಂಡದ್ದು ಸಂಗೀತದ ಮೇಲಿನ ಪ್ರೀತಿಯಿಂದ ಎಂದು ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕೆಂದರೆ, ತಿಂಗಳುಗಟ್ಟಲೆ ಅದರ ವಿಡಿಯೋಗಳನ್ನು ನೋಡಿದ್ದೆ. ಕೊಳ್ಳದಿದ್ದರೆ ಆ ವಿದ್ಯೆಯೆಲ್ಲ ದಂಡವಾಗುತ್ತಿತ್ತು. ಬೇಸ್ ಎಷ್ಟು ಗಟ್ಟಿ, ತಂಬೂರಿಯ ಒಂದೊಂದು ತಂತಿ ಹೇಗೆ ಬೇರೆಬೇರೆ ಕೇಳುತ್ತದೆ ಎಂದು ಸಿಕ್ಕವರಿಗೆಲ್ಲ ವಿವರಿಸಿದೆ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಗೆಳೆಯನೊಬ್ಬ ಎಲ್ಲ ಕೇಳಿ, "ಮಾರಾಯ, ಇದನ್ನ ಹಾಕ್ಕಂಡ್ರೆ ಹೆಂಡ್ತಿ ಕರ್ದಿದ್ದು ಕೇಳ್ಸಲ್ವಾ? ಹಂಗಾದ್ರೆ ನಂಗೂ ಒಂದು ತರ್ಸು" ಎಂದ. ಧ್ವನಿಯ ಗುಣಮಟ್ಟದ ಬಗ್ಗೆ ಅವನದ್ದು ಅದೊಂದೇ ಪ್ರಶ್ನೆ.

ಅದರ ವಿನ್ಯಾಸ ಮಾಡಿದ ಪುಣ್ಯಾತ್ಮ ಕಾಫಿತೋಟ ಕಂಡವನಲ್ಲ. ಉಣ್ಣೆಟೊಪ್ಪಿಯ ಮೇಲೆ ಅದು ಕೂರುವುದಿಲ್ಲ. ಟೊಪ್ಪಿ ತೆಗೆದರೆ ಬೆಳಗಿನ ಚಳಿಗೆ ಮೂಗು ಸೋರುತ್ತದೆ. ಬಟನ್ ಇಲ್ಲ, ಬಲಗಡೆ ಬೆರಳಲ್ಲಿ ಸವರಬೇಕು. ಕಾಫಿಹಣ್ಣಿನ ಅಂಟು ಹತ್ತಿದ ಬೆರಳು ಅದಕ್ಕೆ ಅರ್ಥವಾಗುವುದಿಲ್ಲ. ಹೊರಗಿನ ಸದ್ದನ್ನು ಪೂರ್ತಿ ಅಳಿಸುತ್ತದೆ ಎಂಬುದು ದೊಡ್ಡ ಗುಣ. ಬೇಕೆಂದರೆ ಅದೇ ಸದ್ದನ್ನು ಹಿಗ್ಗಿಸಿಯೂ ಕೇಳಿಸುತ್ತದೆ. ಅದನ್ನು ನಾನು ಬಳಸಿರಲೇ ಇಲ್ಲ. ನಮ್ಮ ಮನೆಯ ಗಲಾಟೆಯನ್ನು ಇನ್ನೂ ದೊಡ್ಡದಾಗಿ ಕೇಳುವ ಹುಚ್ಚು ಯಾರಿಗಿದೆ?

ಮನೆಯಲ್ಲಿ ಕಿವಿಗೆ ಹೆಸರಾದವಳು ಅವ್ವ. ಸಿಪ್ಪೆಸಮೇತ ಕಣದಲ್ಲಿ ಹರವಿದ ಚೆರ್ರಿ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಗಲಗಲ ಎಂದರೆ ಒಣಗಿದೆ, ಮಂಕಾಗಿದ್ದರೆ ಇನ್ನೂ ಬಿಸಿಲು ಬೇಕು. ಅವಳು "ತುಂಬಿ" ಎಂದ ಮೇಲೇ ಚೀಲಕ್ಕೆ. ಅಪ್ಪ ಇದ್ದಾಗಲೂ ಈ ಮಾತು ಅವಳದ್ದೇ ಆಗಿತ್ತು.

ಮೂರು ಸುಗ್ಗಿಯಿಂದ ಆ ಕಿವಿ ಮಂದವಾಗಿದೆ. ಡಾಕ್ಟರಿಗೆ ತೋರಿಸೋಣ ಎಂದರೆ, "ನೀವು ಬಾಯೊಳಗೇ ಮಾತಾಡ್ತೀರ" ಎನ್ನುತ್ತಾಳೆ. ಹಾಗಾಗಿ ಅವಳು "ತುಂಬಿ" ಎಂದಾಗ ನಾನೂ ತೋಟದ ಆಳುಗಳ ಮೇಸ್ತ್ರಿಯೂ ವಿನಯದಿಂದ ತಲೆಯಾಡಿಸುತ್ತಿದ್ದೆವು. ಅವಳು ಒಳಗೆ ಹೋದಮೇಲೆ ತೇವ ಅಳೆಯುವ ಮೀಟರ್ ತರುತ್ತಿದ್ದೆವು. ಹಸಿಯಿದ್ದರೆ ಮನೆಯ ಹಿಂದಿನ ಕಣದಲ್ಲಿ ಕದ್ದು ಹರವುತ್ತಿದ್ದೆವು. ಅವ್ವನ ಮರ್ಯಾದೆ ಉಳಿಸಿದ ಪುಣ್ಯ ನನ್ನದೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಹೋದ ಸುಗ್ಗಿಯ ಒಂದು ಬೆಳಗ್ಗೆ ಅವಳು "ತುಂಬಿ" ಎಂದು ಹೇಳಿ ಕಣದಲ್ಲೇ ನಿಂತಿದ್ದಳು. ತೋರಿಸಿಕೊಳ್ಳುವ ಚಪಲ ನನಗೆ; ಹಾಡು ಹಾಕಿ ಹೆಡ್‌ಫೋನನ್ನು ಅವಳ ತಲೆಗೇರಿಸಿದೆ.

"ವಾಲೆ ಒತ್ತುತ್ತೆ ಕಣೋ," ಎಂದಳು.

ವಾಲೆ ಹಾಕಿದವರೂ ಹಾಡು ಕೇಳುತ್ತಾರೆಂದು ಆ ಕಂಪನಿಗೆ ಗೊತ್ತಿಲ್ಲ. ಸೆರಗು ಸರಿಮಾಡಿಕೊಳ್ಳುವಾಗ ಅವಳ ಬೆರಳು ಬಲಗಡೆ ಸವರಿ, ಹಾಡು ನಿಂತು, ಹೊರಗಿನ ಸದ್ದು ಹಿಗ್ಗಿಕೊಂಡಿತು. ಅವ್ವ ಗಕ್ಕನೆ ತೋಟದ ಕಡೆ ತಿರುಗಿದಳು.

"ಕುಟ್ರುಹಕ್ಕಿ ಕೂಗ್ತಿದೆ!"

ಅದು ದಿನವೂ ಕೂಗುತ್ತಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಅವಳು ಬಗ್ಗಿ ಒಂದು ಹಿಡಿ ಚೆರ್ರಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದ್ದಳು.

"ಇದು ಹಸಿ ಅಲ್ವೇನೋ? ಈಗ್ ತಾನೆ ನಾನೇ ತುಂಬಿ ಅಂದ್ನಲ್ಲ?"

"ಅದಕ್ಕೇನು ಬಿಡಿ ಅಮ್ಮಾವ್ರೇ," ಚೀಲ ಹಿಡಿದು ನಿಂತಿದ್ದ ಮೇಸ್ತ್ರಿ ಸಮಾಧಾನ ಹೇಳಿದ. "ನೀವು ಹೇಳಿದ್ ಮೇಲೂ ನಾವು ಎರಡ್ ದಿನ ಹಿಂದಿನ ಕಣದಲ್ಲಿ ಹರವ್ತೀವಲ್ಲ, ಯಾವಾಗ್ಲೂ."

ಅವ್ವನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಅಷ್ಟು ಒಳ್ಳೆಯ ಹೆಡ್‌ಫೋನ್ ಅದು.

"ಎಷ್ಟು ವರ್ಷದಿಂದ?" ಎಂದು ನನ್ನನ್ನು ಕೇಳಿದಳು. ನಾನು ಬಾಯೊಳಗೇ ಏನೋ ಹೇಳಿದೆ. ಅದೂ ಕೇಳಿಸಿತು.

ಅವಳು ಅದನ್ನು ತೆಗೆದು ನನ್ನ ಕೈಗಿಟ್ಟು ಒಳಗೆ ಹೋದಳು. ಎರಡು ದಿನ ಕಣದ ಕಡೆ ಸುಳಿಯಲಿಲ್ಲ. ಅವಳ ಮರ್ಯಾದೆ ಉಳಿಸಿದ್ದೇನೆ ಎಂದುಕೊಂಡವನು ಅವಳನ್ನು ಬೊಂಬೆಯಂತೆ ಕಣದಲ್ಲಿ ನಿಲ್ಲಿಸಿದ್ದೆ. ನನಗೆ ನಾಚಿಕೆಯಾಯಿತು.

ಮೂರನೆಯ ಬೆಳಗ್ಗೆ ತಾನಾಗಿಯೇ ಬಂದಳು. ಹೆಡ್‌ಫೋನ್ ಚಾಚಿದೆ, ಮುಟ್ಟಲಿಲ್ಲ. ಒಂದು ಹಿಡಿ ಚೆರ್ರಿ ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಹೇಳು."

ಹಸಿಯೋ ಒಣಗಿದೆಯೋ, ನನಗೆ ಒಂದೂ ಗೊತ್ತಾಗಲಿಲ್ಲ. "ಮೀಟರ್ ತರ್ತೀನಿ," ಎಂದೆ.

ಅವ್ವ ಮುಷ್ಟಿ ಇಳಿಸಲಿಲ್ಲ. "ಕಣ್ಣು ಮುಚ್ಕಂಡು ಇನ್ನೊಂದ್ ಸಲ ಕೇಳು," ಎಂದಳು.