ಸದಸ್ಯರ ಹೇಳಿಕೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಕಾಫಿ ಬೆಳೆಗಾರರ ಸಣ್ಣ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೆ. ಹದಿನೈದು ದಿನಕ್ಕೊಮ್ಮೆ ಸಂಘದ ಸುತ್ತೋಲೆ ಹೊರಡುತ್ತಿತ್ತು. ಸದಸ್ಯರು ಬರೆದು ಕಳಿಸಿದ್ದನ್ನು ಮೇಣದ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಗೀಚಿ, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಪ್ರತಿ ತೆಗೆದು, ವಿಳಾಸ ಅಂಟಿಸಿ ಅಂಚೆಗೆ ಹಾಕುವುದು ನನ್ನ ಕೆಲಸ. ಒಬ್ಬರ ಪ್ರಶ್ನೆ ಎಲ್ಲರಿಗೂ ಹೋಗುತ್ತಿತ್ತು. ಅದಕ್ಕೆ ಬಂದ ಉತ್ತರಗಳೂ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಹೋಗುತ್ತಿದ್ದವು. ಬಂದದ್ದನ್ನು ತಿದ್ದಬಾರದು, ಬಿಡಲೂಬಾರದು ಎಂದು ಕಾರ್ಯದರ್ಶಿಯ ಕಟ್ಟಪ್ಪಣೆ. ಅವರು ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರು. ಸುತ್ತೋಲೆಯನ್ನೂ ಪಲ್ಟನ್ನಿನ ಹಾಗೆಯೇ ನಡೆಸುತ್ತಿದ್ದರು.

ಸದಸ್ಯರು ಮಾತ್ರ ಯಾವ ಪಲ್ಟನ್ನಿಗೂ ಬಗ್ಗುವವರಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರಿಂದ ಇಬ್ಬರಿಗೂ ಬೇರೆ ಬೇರೆ ಪ್ರತಿ ಬೇಕಿತ್ತು. ಪಾಲಿಬೆಟ್ಟದ ಒಬ್ಬರು ಮಳೆಗಾಲಕ್ಕೆ ಮುಂಚೆ 'ಇನ್ನು ಕಳಿಸಬೇಡಿ' ಎಂದು ಬರೆದು, ಮಳೆಗಾಲದಲ್ಲಿ 'ಯಾಕೆ ಕಳಿಸಲಿಲ್ಲ' ಎಂದು ಬೈದು ಬರೆಯುತ್ತಿದ್ದರು. ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಏನು ಮಾಡಬೇಕೆಂದು ವರ್ಷವಿಡೀ ಒಬ್ಬರಲ್ಲ ಒಬ್ಬರು ಕೇಳುವರು. ಹಳೆಯ ಸಂಚಿಕೆ ತೆಗೆದು ನೋಡುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಪ್ರಶ್ನೆಯನ್ನು ಪೂರ್ತಿ ಓದದೆಯೇ ಉತ್ತರ ಬರೆಯುವವರೇ ಹೆಚ್ಚು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಸುತ್ತೋಲೆಯ ಕೊನೆಯ ಪುಟಕ್ಕೆ ಸುಬೇದಾರರು 'ಸದಸ್ಯರ ಹೇಳಿಕೆ' ಎಂದು ತಲೆಬರಹ ಕೊಟ್ಟಿದ್ದರು. ಯಾರಿಗೆ ಏನು ಹೇಳಬೇಕೆನಿಸಿದರೂ ಅಲ್ಲಿ ಹೇಳಬಹುದು ಎಂದು ಅವರ ಅರ್ಥ. ಕುಶಾಲನಗರದ ಕಡೆಯವನಾದ ನನಗೂ ಅದು ಸರಿಯಾಗಿಯೇ ಕಂಡಿತ್ತು. ಆದರೆ ಕೊಡಗಿನ ಪಶ್ಚಿಮದಲ್ಲಿ ಅರೆಭಾಷೆ ಆಡುವ ಗೌಡರಲ್ಲಿ ಹೇಳಿಕೆ ಎಂದರೆ ಮದುವೆಗೆ ಕರೆಯುವುದು. ಮನೆಯವರು ಯಾರಾದರೂ ಖುದ್ದಾಗಿ ಹೋಗಿ, ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಇಂಥ ದಿನ ಮದುವೆ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು.

ಆ ಕಡೆಯ ಗೌಡರೊಬ್ಬರು ಸಂಘದ ಸದಸ್ಯರು, ನಾಲ್ಕಾರು ಎಕರೆ ತೋಟದವರು. ಒಬ್ಬಳೇ ಮಗಳು, ಅವಳ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಗೌಡರು ಕಣದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ಹತ್ತಿರದ ನೆಂಟರಿಗೆ ಭಾವ ಹೋಗಿ ಹೇಳಿದ. ಉಳಿದವರ ಮನೆಗೆ ಹೋಗಲು ಗಂಡುಮಕ್ಕಳಿಲ್ಲ, ತಮ್ಮಂದಿರಿಲ್ಲ. ಗಂಡಿನ ಕಡೆಯವರು ದೊಡ್ಡ ಮನೆತನದವರು. ಅವರ ಕಣ್ಣಿಗೆ ಮಗಳ ಚಪ್ಪರ ಖಾಲಿ ಕಾಣಬಾರದು ಎಂಬುದೊಂದೇ ಗೌಡರ ಚಿಂತೆ. ಹಾಗಿರುವಾಗ ಸುತ್ತೋಲೆಯ ಕೊನೆಯ ಪುಟ ಅವರ ಕಣ್ಣಿಗೆ ಬಿತ್ತು. ಹೇಳಿಕೆಗೆಂದೇ ಒಂದು ಪುಟ ಇಟ್ಟಿದ್ದಾರಲ್ಲ ಎಂದು ನಂಬಿ, ಮದುವೆಯ ದಿನ, ಮುಹೂರ್ತ, ಬಸ್ಸಿಳಿಯುವ ಜಾಗ ಎಲ್ಲವನ್ನೂ ಬರೆದು ಕಳಿಸಿದರು. ನಾನು ಗೀಚಿದೆ; ಎಲ್ಲರಿಗೂ ಹೋಯಿತು.

ಮುಂದಿನ ಸಂಚಿಕೆಗೆ ಒಬ್ಬರು ಬರೆದರು: ಕಾಫಿ ರೇಟಿನ ಪಕ್ಕದಲ್ಲಿ ಹೇಳಿಕೆ ಕೊಟ್ಟರೆ ಅದು ಹೇಳಿಕೆಯೇ? ಅಂಚೆಯವನು ಕರೆದ ಮದುವೆಗೆ ಅಂಚೆಯವನೇ ಹೋಗಲಿ. ಅದನ್ನೂ ಗೀಚಿದೆ. ಗೌಡರು ಉತ್ತರ ಬರೆದರು: ಕಾಲು ಮುರಿದಿದೆ, ತಪ್ಪು ತಿಳಿಯಬೇಡಿ, ಮಗಳ ಮುಖ ನೋಡಿ ಬನ್ನಿ. ಅದೂ ಹೋಯಿತು. ಆಮೇಲೆ ಹಿಡಿಯುವವರೇ ಇಲ್ಲ. ಕಾಲು ಮುರಿದವನ ಕಾಗದವನ್ನು ಹೇಳಿಕೆ ಎಂದೇ ಎಣಿಸಬೇಕು ಎಂದು ಒಬ್ಬರು, ಜೀಪು ಮಾಡಿಕೊಂಡು ಹೋಗಬಹುದಿತ್ತು ಎಂದು ಇನ್ನೊಬ್ಬರು. ಈ ವಾದದಿಂದ ಬೇಸತ್ತಿದ್ದೇನೆ, ದಯವಿಟ್ಟು ನಿಲ್ಲಿಸಿ ಎಂದು ಪೊನ್ನಂಪೇಟೆಯಿಂದ ಒಬ್ಬರು ಎರಡು ಪುಟ ಬರೆದಿದ್ದರು. ಮದುವೆಗೆ ಬರುತ್ತೇನೆಂದೋ ಬರುವುದಿಲ್ಲವೆಂದೋ ಗೌಡರಿಗೆ ನೇರವಾಗಿ ಒಂದು ಕಾರ್ಡು ಹಾಕಿದವರು ಒಬ್ಬರೂ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಮದುವೆಯ ದಿನ ನಾನು ಬಸ್ಸು ಹತ್ತಿ ಹೋದೆ. ನಾನು ಸದಸ್ಯನಲ್ಲ, ಸಂಬಳದವನು. ನನ್ನನ್ನು ಕರೆದಿದ್ದರೋ ಇಲ್ಲವೋ ಎಂದು ಯಾರೂ ಚರ್ಚಿಸಿರಲಿಲ್ಲ. ಗೌಡರು ಚಪ್ಪರದ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ರಸ್ತೆಯನ್ನೇ ನೋಡುತ್ತ ಕೂತಿದ್ದರು. ಒಳಗೆ ಗಂಡಿನ ಕಡೆಯವರು ಒಂದು ಮೂಲೆ, ಹತ್ತಿರದ ನೆಂಟರು ಇನ್ನೊಂದು ಮೂಲೆ ತುಂಬಿದ್ದರು; ಉಳಿದದ್ದು ಬರೀ ಚಾಪೆ. ಅಡುಗೆಯವರು ಇನ್ನೊಂದು ಹಂಡೆ ಅಕ್ಕಿ ಹಾಕಬೇಕೋ ಬೇಡವೋ ಎಂದು ಮೂರು ಸಲ ಬಂದು ಕೇಳಿದರು. ಮೂರನೆಯ ಸಲ ಮದುಮಗಳೇ ಒಳಗಿನಿಂದ "ಬೇಡ, ಇಷ್ಟೇ ಸಾಕು" ಎಂದಳು. ನನಗೆ ಸಿಟ್ಟು ಬಂತು. ಬರೆದವರೆಲ್ಲರ ಅಕ್ಷರ ನನಗೆ ಗೊತ್ತಿತ್ತು, ಒಬ್ಬೊಬ್ಬರ ಮೇಲೂ ಬಂತು.

ವಾದ ಮದುವೆಯ ಮೇಲೂ ಎರಡು ಸಂಚಿಕೆ ನಡೆಯಿತು.

ಆಮೇಲೊಂದು ಬೆಳಿಗ್ಗೆ ಗೌಡರು ಕೋಲೂರಿಕೊಂಡು ಸಂಘದ ಮೆಟ್ಟಿಲು ಹತ್ತಿ ಬಂದರು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಸುಬೇದಾರರು ಎದ್ದು ಕುರ್ಚಿ ಕೊಟ್ಟು ಕಾಫಿ ತರಿಸಿದರು. ಸುತ್ತೋಲೆಯಿಂದ ತಮ್ಮ ಹೆಸರು ತೆಗೆಯಬೇಕೆಂದು ಗೌಡರು ಹೇಳಿದರು.

"ಅಷ್ಟಕ್ಕೆ ಈ ಕಾಲಲ್ಲಿ ಬರೋದಾ ಗೌಡ್ರೆ? ಒಂದು ಕಾರ್ಡು ಬರ್ದಿದ್ರೆ ಸಾಕಿತ್ತಲ್ಲ."

"ಇಲ್ಲೆ ಸುಬೇದಾರ್ರೆ," ಎಂದರು ಗೌಡರು. "ಕಾಗದದಲ್ಲಿ ಹೇಳಿರೆ ಹೇಳಿದ ಹಾಗೆ ಆಗುದಿಲ್ಲೆ ಅಂತ ನೀವೆಲ್ಲ ಸೇರಿ ಬರ್ದಿದ್ರಲ್ಲ. ಅದಕ್ಕೇ ಬಂದು ಹೇಳ್ತಾ ಇದ್ದೇನೆ."