ನಡುವೆ ತೂತಿರುವ ಕೌದಿ

ನನ್ನ ಟ್ರಂಕಿನ ಮುಚ್ಚಳ ತೆರೆದರೆ ಮೊದಲು ಡಾಂಬರ ಗುಳಿಗೆಯ ವಾಸನೆ, ಅದರ ಹಿಂದೆ ಒಣಗಿದ ಬೇವಿನೆಲೆಯದು. ಮೊನ್ನೆ ತಮ್ಮನ ಮಗಳು, ಹೆರಿಗೆಗೆಂದು ತವರಿಗೆ ಬಂದು ಹಡೆದವಳು, ಕೂಸಿನ ಕೆಳಗೆ ಹಾಸಲು ಮೆತ್ತನೆಯ ಹಳೆಯ ಕೌದಿ ಬೇಕೆಂದು ಅದಕ್ಕೇ ಕೈ ಹಾಕಿದಳು. ಅದರಲ್ಲಿ ಇಲ್ಲದ್ದೇನಿದೆ ಹೇಳಿ? ಹಿಡಿಕೆ ಹೋದ ಕತ್ತರಿ, ಒಂದೇ ಗಾಜಿನ ಕನ್ನಡಕ, ಯಾರದೋ ಮುಂಜಿವೆಯ ಆಮಂತ್ರಣ. ಒಗೆಯುವ ಧೈರ್ಯ ನನಗಿಲ್ಲ. ತಳದಿಂದ ಅವಳೊಂದು ಪುಟ್ಟ ಕೌದಿ ಎಳೆದು ಬೆಳಕಿಗೆ ಹಿಡಿದಳು. ನಟ್ಟನಡುವೆ ಮೋಸಂಬಿ ಹಾಯುವಷ್ಟು ತೂತು.

“ಅತ್ಯಾ, ಇದನ್ನ ಇಲಿ ಕಡದಾವ ನೋಡ್ರಿ,” ಎಂದಳು.

ಇಲಿ ಕಡಿದರೆ ಅಂಚು ಅಷ್ಟು ದುಂಡಗಿರುತ್ತದೆಯೇ? ಸುತ್ತಲೂ ಮೂರು ಸಾಲು ಹೊಲಿಗೆ, ಒಂದು ಎಳೆಯೂ ಸಡಿಲಿಲ್ಲ. ಇಲಿಗೆ ಇಷ್ಟು ಚೆಂದ ಹೊಲಿಯಲು ಬಂದಿದ್ದರೆ ನಾನು ಅದಕ್ಕೇ ಶಿಷ್ಯಳಾಗುತ್ತಿದ್ದೆ. ನನ್ನ ಹೊಲಿಗೆ ಹಾವು ಹರಿದ ಹಾಗೆ ಎಂದು ಇಡೀ ಓಣಿಗೇ ಗೊತ್ತು. ಆ ತೂತು ಮಾಡಿದವಳು ಅಂಬತ್ತೆ, ನಮ್ಮ ಅಪ್ಪನ ಅಕ್ಕ.

ಹತ್ತೊಂಬತ್ತನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದವಳು ಅವಳು. ಕೆಂಪು ಸೀರೆ, ಬೋಳುತಲೆ, ಹರಿತವಾದ ನಾಲಿಗೆ. ಓಣಿಯಲ್ಲಿ ಯಾರ ಮನೆಯ ಬಾಣಂತನಕ್ಕೂ ಅವಳು ಬೇಕು, ಯಾರ ಮನೆಯ ತೊಟ್ಟಿಲಿಗೂ ಬೇಡ. ಹೆಸರಿಡುವ ದಿನ ಅವಳು ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಕೂಡುತ್ತಿದ್ದಳು. ನಮ್ಮ ಕಡೆ ಅಂದು ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಹೆಸರು ಊದುವುದು, ಸುತ್ತ ನಿಂತವರು ಬಗ್ಗಿದ ಅವಳ ಬೆನ್ನಿಗೆ ದಬದಬ ಗುದ್ದುವುದು ನಿಮಗೆ ಗೊತ್ತಿದ್ದದ್ದೇ. ಮಕ್ಕಳಿಗೆ ಗುಗ್ಗರಿಗಿಂತ ಆ ಗುದ್ದೇ ರುಚಿ. ನಾನಂತೂ ಮುಷ್ಟಿ ಬಿಗಿದು ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದೆ.

ನನಗೆ ಎಂಟು ವರ್ಷವಿದ್ದಾಗ, ಅಂದರೆ ಮೂವತ್ತರ ದಶಕದಲ್ಲಿ, ತಂಗಿ ಹುಟ್ಟಿದಳು. ಮೂಗು ಅವ್ವನದು, ತಲೆ ತುಂಬ ಕೂದಲು. ಬೆನ್ನಿನ ಕೆಳಗೆ ಮಾತ್ರ ನಿಂಬೆಹಣ್ಣಿನಷ್ಟು ನೀರುಗುಳ್ಳೆ. ಅದರ ಚರ್ಮ ಉಳ್ಳಾಗಡ್ಡಿಯ ಒಳಪೊರೆಯಷ್ಟು ತೆಳು. ಕಾಲು ಅಲುಗುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಬಂದ ಡಾಕ್ಟರರು ಕೈ ತೊಳೆದು, ಅಪ್ಪನನ್ನು ಕಟ್ಟೆಗೆ ಕರೆದು ಹೇಳಿದರು: ಬೆನ್ನೆಲುಬು ಹೊಟ್ಟೆಯಲ್ಲಿದ್ದಾಗಲೇ ಕೂಡಿಕೊಂಡಿಲ್ಲ, ಔಷಧವಿಲ್ಲ, ಇಂಥ ಕೂಸುಗಳು ಬಹಳ ದಿನ ಉಳಿಯುವುದಿಲ್ಲ, ಗುಳ್ಳೆ ಒಡೆಯದಂತೆ ನೋಡಿಕೊಳ್ಳಿ. ಅಪ್ಪ ಸಾಲಿ ಮಾಸ್ತರರು, ತಿಳಿದವರು ಹೇಳಿದ್ದನ್ನು ನಂಬುವವರು. ತೊಟ್ಟಿಲು ಬೇಡ ಎಂದುಬಿಟ್ಟರು. ಹೆಸರಿಟ್ಟರೆ ಕರೆಯಬೇಕು, ಕರೆದರೆ ಮಾಯೆ ಹತ್ತುತ್ತದೆ ಎಂದು ಅವರಿಗೆ ಹೆದರಿಕೆ.

ಅವ್ವ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಳಂತೆ ಎಂದು ಓಣಿಯ ಹೆಂಗಸರು ಆಡಿಕೊಂಡರು. ಅವ್ವ ಅದನ್ನೇ ನಂಬಿ ಅತ್ತಳು. ಅಂಬತ್ತೆ ಅವರಲ್ಲಿ ಒಬ್ಬಾಕೆಯನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: “ನಿಮ್ಮ ನಾಲಿಗಿ ಇಷ್ಟುದ್ದ ಆಗೇದಲ್ಲ, ನಿಮ್ಮವ್ವ ಯಾವ ಗ್ರಹಣದಾಗ ಏನು ಹೆಚ್ಚಿದ್ಲು?” ಆಮೇಲೆ ಆ ಮಾತು ನಮ್ಮ ಬಾಗಿಲಿಗೆ ಬರಲಿಲ್ಲ.

ಕೌದಿ ಹೊಲಿದದ್ದು ಅದೇ ವಾರ. ಅವ್ವನ ಹಳೆಯ ಇಳಕಲ್ ಸೀರೆಗಳು, ಎಂಟು ಪದರು, ಗಾದಿಯಷ್ಟು ದಪ್ಪ. ಗುಳ್ಳೆ ಎಲ್ಲಿಯೂ ಒತ್ತದೆ ಆ ತೂತಿನಲ್ಲಿ ಕೂಡಬೇಕು. ಅಲ್ಲಿಯವರೆಗೆ ಬೋರಲು ಮಲಗಿ ನೆಲ ನೋಡುತ್ತಿದ್ದ ಕೂಸು ಅಂದಿನಿಂದ ಅಂಗಾತ ಮಲಗಿ ನಮ್ಮ ಮುಖ ನೋಡತೊಡಗಿತು.

ಹನ್ನೆರಡು ದಿನ ಹೋಯಿತು, ತಿಂಗಳು ಹೋಯಿತು, ಹೆಸರಿಲ್ಲದ ಕೂಸು ಉಳಿದೇ ಉಳಿಯಿತು. ಕಾಲ್ಬೆರಳು ಚಿವುಟಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ (ಹೌದು, ಪಾಪಿ ನಾನು ಚಿವುಟಿ ನೋಡಿದ್ದೇನೆ), ಗಲ್ಲ ಮುಟ್ಟಿದರೆ ಬಾಯಿ ತುಂಬ ನಗುತ್ತಿದ್ದಳು. ಅಪ್ಪ ಮಾತ್ರ ಆ ಕೋಣೆಯ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಿದ್ದರು.

ನಾಲ್ಕನೆಯ ತಿಂಗಳಲ್ಲಿ ಕೂಸಿನ ತಲೆ ಮೈಗಿಂತ ಬೇಗ ಬೆಳೆಯತೊಡಗಿತು. ಇನ್ನು ಬಹಳ ದಿನವಿಲ್ಲ ಎಂಬ ಅದರ ಅರ್ಥ ಅಂಬತ್ತೆಗೆ ತಿಳಿದಿರಬೇಕು. ಒಂದು ಮಧ್ಯಾಹ್ನ ಅಟ್ಟದಿಂದ ತೊಟ್ಟಿಲು ಇಳಿಸಿ, ಕೌದಿ ಹಾಸಿ, ಕೂಸನ್ನು ಮಲಗಿಸಿದಳು. ಆರತಿಯಿಲ್ಲ, ಗುಗ್ಗರಿಯಿಲ್ಲ, ಅವ್ವ ಮತ್ತು ನಾನು, ಇಬ್ಬರೇ. ಅವರು ಬೇಡ ಅಂದಿದ್ದಾರೆಂದು ಅವ್ವ ಹೆದರುತ್ತ ನೆನಪಿಸಿದಳು.

“ಅಂವಾ ಸಾಲ್ಯಾಗ ಮಂದಿ ಮಕ್ಕಳನ್ನ ದಿನಾ ಹೆಸರು ಹಿಡದು ಕರೀತಾನ,” ಎಂದಳು ಅಂಬತ್ತೆ. “ತನ್ನ ಕೂಸು ಬರೇ ಕೂಸು ಅಂತನ ಹೋಗಬೇಕೇನು?”

ಬಗ್ಗಿ, ಕಿವಿಗೆ ಬಾಯಿ ಹಚ್ಚಿ, ‘ಕುರ್ರ್, ತುಂಗಾ’ ಎಂದಳು. ಗಂಡನಿದ್ದಾಗ ಒಮ್ಮೆ ಕಂಡ ಹೊಳೆ ಅದು. ಗಂಗಾ ಸ್ನಾನ, ತುಂಗಾ ಪಾನ ಅನ್ನುತ್ತಾರಲ್ಲ, ಅಂಥ ಸಿಹಿನೀರು ಮತ್ತೆ ಕುಡಿದಿಲ್ಲ ಎಂದು ಆಗಾಗ ಹೇಳುತ್ತಿದ್ದಳು.

ಬಗ್ಗಿದವಳು ಬಗ್ಗಿಯೇ ಇದ್ದಳು. ಅವಳು ಇಟ್ಟ ಮೊದಲನೆಯ ಹೆಸರು, ಗುದ್ದಿಗೆ ಕಾಯುತ್ತಿದ್ದಳು. ನನ್ನ ಕೈ ಏಳಲಿಲ್ಲ. ಬೆನ್ನು ಎಂದರೆ ಮುಟ್ಟಿದರೆ ಒಡೆಯುವಂಥದ್ದು ಎಂದು ನಾಲ್ಕು ತಿಂಗಳಲ್ಲಿ ಕಲಿತಿದ್ದೆ. ಅವ್ವನೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಗುದ್ದು ಹುಡುಗಿ, ನನ್ನ ಬೆನ್ನಿಗೆ ಏನೂ ಆಗೂದಿಲ್ಲ,” ಎಂದಳು ಅಂಬತ್ತೆ.

ಗುದ್ದು ಬಿತ್ತು. ನನ್ನದಲ್ಲ. ಅಪ್ಪ ಕಂಕುಳಲ್ಲಿ ಛತ್ರಿ ಹಿಡಿದುಕೊಂಡು ನಿಂತಿದ್ದರು, ಯಾವಾಗ ಒಳಗೆ ಬಂದರೋ. ಇನ್ನೊಮ್ಮೆ ಮೆತ್ತಗೆ ಗುದ್ದಿದರು. ಕೈ ಅಲ್ಲಿಯೇ ಉಳಿಯಿತು.

“ಏನಂತ ಇಟ್ಟಿ, ಅಕ್ಕಾ?”

ಅವಳು ಹೇಳಿದಳು. ಅಪ್ಪ ತೊಟ್ಟಿಲಿಗೆ ಬಗ್ಗಿ, ಸಾಲಿಯಲ್ಲಿ ಹಾಜರಿ ಕರೆಯುವ ದನಿಯಲ್ಲೇ ಒಮ್ಮೆ ತುಂಗಾ ಎಂದು ಕರೆದರು. ಅವಳು ನಕ್ಕಳು.

ಆಮೇಲೆ ಐದು ತಿಂಗಳು ಅವರು ಚಪ್ಪಲಿ ಬಿಡುವ ಮೊದಲೇ ಆ ಹೆಸರನ್ನು ಕೂಗುತ್ತಿದ್ದರು. ಒಂಬತ್ತನೆಯ ತಿಂಗಳಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತುಂಗಾ ಹೋದಳು. ಅಪ್ಪ ಹೆದರಿದಂತೆಯೇ ಆಯಿತು. ಮಾಯೆ ಹತ್ತಿತ್ತು, ಬಹಳ ಅತ್ತರು. ಹೆಸರು ಇಡಬಾರದಿತ್ತು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಆಮೇಲೆ ತಮ್ಮ ಹುಟ್ಟಿದ, ಒಬ್ಬೊಬ್ಬರಾಗಿ ಹಿರಿಯರು ಹೋದರು. ನೀವು ಎಷ್ಟು ಜನ ಮಕ್ಕಳು ಎಂದು ಯಾರು ಕೇಳಿದರೂ ನಾನು ಇಬ್ಬರು ಎನ್ನುತ್ತ ಬಂದೆ. ನಾಚಿಕೆಯಾಗುತ್ತದೆ, ಆದರೆ ಅದೇ ಸುಲಭವಿತ್ತು.

ಇಷ್ಟನ್ನೂ ಬಾಣಂತಿಯ ಮುಂದೆ ಹೇಳಬಹುದೇ? ಇಲಿಯೇ ಕಡಿದದ್ದು ಎಂದು ಮಡಚಿಡೋಣವೆಂದುಕೊಂಡೆ. ಬಾಯಿ ಕೇಳಲಿಲ್ಲ, ಎಲ್ಲ ಹೇಳಿದೆ. ಹುಡುಗಿ ಹೆದರಲಿಲ್ಲ. ತನ್ನ ಗೆಳತಿಯ ಮಗನಿಗೂ ಹೀಗೇ ಇತ್ತಂತೆ. ಹುಟ್ಟಿದ ಎರಡು ದಿನಕ್ಕೇ ಆಪರೇಷನ್ ಮಾಡಿದರಂತೆ, ಈಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಸಾಲಿಗೆ ಹೋಗುತ್ತಾನಂತೆ. ಖರೇನಾ ಎಂದು ನಾನು ಎರಡು ಸಲ ಕೇಳಿದೆ. ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

“ಆ ಕೂಸಿನ ಹೆಸರೇನಂದ್ರಿ, ಅತ್ಯಾ?” ಎಂದು ಕೇಳಿದಳು. ಕೌದಿ ಆಗಲೇ ಅವಳ ಮಗುವಿನ ಕೆಳಗೆ ಇತ್ತು.

ನಾನೂ ಸೋದರತ್ತೆಯೇ ಅಲ್ಲವೇ? ಬಗ್ಗಿ, ತಮ್ಮನ ಮಗಳ ಕಿವಿಗೆ ಬಾಯಿ ಹಚ್ಚಿ ಹೇಳಿದೆ: ‘ಕುರ್ರ್, ತುಂಗಾ.’ ಕಣ್ಣೊರೆಸಿಕೊಳ್ಳುತ್ತಲೇ ಅವಳು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು.

“ಇನ್ನೊಂದು ಹಾಕು,” ಎಂದೆ. “ಅವತ್ತು ನಾ ಹಾಕಲಾರದ್ದು ಉಳದದ.”